ಬಚ್ಚಲಿನ ಖರ್ಚಿನ ಪಟ್ಟಿಯನ್ನು ಗೋಡೆಯ ಒಳಗಿನಿಂದ ಬರೆಯಬೇಕು

ಮೈಸೂರಿನ ಕುವೆಂಪುನಗರದ ನಮ್ಮ ಮನೆಯನ್ನು ಅಪ್ಪ ಕಟ್ಟಿಸಿದ್ದು 1986ರಲ್ಲಿ, ಮುಡಾ (ಮೈಸೂರು ನಗರಾಭಿವೃದ್ಧಿ ಪ್ರಾಧಿಕಾರ) ಇನ್ನೂ ಹುಟ್ಟದೆ ಅದರ ಹಿಂದಿನ ಸಂಸ್ಥೆ ಸಿಐಟಿಬಿಯೇ ನಿವೇಶನ ಹಂಚುತ್ತಿದ್ದ ಕಾಲದಲ್ಲಿ. ಆ ಮನೆಯ ಮಹಡಿಯ ಬಚ್ಚಲನ್ನು 2025ರ ಆಷಾಢದಲ್ಲಿ ಪೂರ್ತಿ ಒಡೆದು ಹೊಸದಾಗಿ ಮಾಡಿಸಿದೆವು. ಕೆಳಗಿನ ಅಡುಗೆಮನೆಯ ಚಾವಣಿಯಲ್ಲಿ ತೇವದ ಕಲೆ ಹರಡುತ್ತಲೇ ಇತ್ತು. ಪ್ರತಿ ದಸರೆಗೂ ಬಣ್ಣ ಬಳಿಸಿ ಅದನ್ನು ಮುಚ್ಚುತ್ತಿದ್ದೆವು, ಸಂಕ್ರಾಂತಿಯ ಹೊತ್ತಿಗೆ ಅದು ಮತ್ತೆ ಕಾಣಿಸಿಕೊಳ್ಳುತ್ತಿತ್ತು. ಗೃಹಪ್ರವೇಶಗಳಿಲ್ಲದ ಆಷಾಢದಲ್ಲಿ ಕೆಲಸಗಾರರು ಸುಲಭವಾಗಿ ಸಿಗುತ್ತಾರೆಂಬ ಲೆಕ್ಕದಿಂದ ಆ ತಿಂಗಳನ್ನು ಆರಿಸಿಕೊಂಡೆವು. ಆ ಲೆಕ್ಕ ಸರಿಯಾಗಿತ್ತು. ಹಣದ ಲೆಕ್ಕ ಮಾತ್ರ ತಪ್ಪಿತು. ನಾನು ಮೊದಲು ಬರೆದ ಪಟ್ಟಿ 1,10,000 ರೂಪಾಯಿಯದು, ಕೊನೆಗೆ ಆದ ಖರ್ಚು 1,59,000. ಈ 49,000 ರೂಪಾಯಿಯ ವ್ಯತ್ಯಾಸಕ್ಕೆ ಬೆಲೆ ಏರಿಕೆಯಾಗಲಿ ಯಾರದೋ ಮೋಸವಾಗಲಿ ಕಾರಣವಲ್ಲ, ಪಟ್ಟಿಯನ್ನು ನಾನು ತಪ್ಪು ತುದಿಯಿಂದ ಬರೆಯಲು ಶುರು ಮಾಡಿದ್ದೇ ಕಾರಣ.

ನಮ್ಮಲ್ಲಿ ಬಹುತೇಕರು ಮಾಡುವಂತೆ ನಾನೂ ಮೊದಲು ಹೋದದ್ದು ಟೈಲ್ಸ್ ಅಂಗಡಿಗೆ. ಬಣ್ಣ ನೋಡಿ, ನಲ್ಲಿಗಳ ಹೊಳಪು ನೋಡಿ, ಕಮೋಡಿನ ಬೆಲೆ ಕೇಳಿ, ಅವುಗಳ ಮೊತ್ತಕ್ಕೆ ‘ಕೂಲಿ ಇಷ್ಟಾಗಬಹುದು’ ಎಂದು ಒಂದು ಅಂದಾಜು ಸೇರಿಸಿದೆ. ಟೈಲ್ಸ್ ಲೆಕ್ಕ ಯಾರು ಬೇಕಾದರೂ ಹಾಕಬಹುದಾದ ಲೆಕ್ಕ. ನಮ್ಮ ಬಚ್ಚಲು 8 ಅಡಿ ಉದ್ದ, 5 ಅಡಿ ಅಗಲ. ನೆಲ 40 ಚದರ ಅಡಿ. ನಾಲ್ಕು ಗೋಡೆಗಳ ಸುತ್ತಳತೆ 26 ಅಡಿ, 7 ಅಡಿ ಎತ್ತರಕ್ಕೆ ಟೈಲ್ಸ್ ಹಾಕಿದರೆ 182 ಚದರ ಅಡಿ, ಅದರಲ್ಲಿ ಬಾಗಿಲು ಮತ್ತು ವೆಂಟಿಲೇಟರ್ ಜಾಗ ಕಳೆದರೆ ಸುಮಾರು 161. ಒಟ್ಟು 201 ಚದರ ಅಡಿಗೆ ಕತ್ತರಿಸುವಾಗ ಹಾಳಾಗುವ ಪಾಲೆಂದು ಶೇಕಡಾ 10ರಷ್ಟು ಸೇರಿಸಿ 221 ಚದರ ಅಡಿ ತಂದೆವು. ನಾವು ಆರಿಸಿದ ಟೈಲ್ಸ್ ಚದರ ಅಡಿಗೆ 58 ರೂಪಾಯಿಯದು. 13,000 ರೂಪಾಯಿಯ ಒಳಗೇ ಮುಗಿಯಿತು. ಮನೆಯವರೆಲ್ಲ ಸೇರಿ ನಾಲ್ಕು ಭಾನುವಾರ ಚರ್ಚಿಸಿದ ವಿಷಯ ಒಟ್ಟು ಖರ್ಚಿನ ಹನ್ನೆರಡನೆಯ ಒಂದು ಭಾಗವೂ ಆಗಲಿಲ್ಲ.

ಹಣ ಹೋದದ್ದು ಬೇರೆ ಕಡೆಗೆ. ಹಳೆಯ ಮನೆಗಳ ಮಹಡಿಯ ಬಚ್ಚಲು ಸಾಮಾನ್ಯವಾಗಿ ಸಂಕನ್ ಸ್ಲ್ಯಾಬಿನ ಮೇಲಿರುತ್ತದೆ. ಅಂದರೆ ಪೈಪುಗಳನ್ನು ನೆಲದೊಳಗೇ ಹಾಯಿಸಲೆಂದು ಆ ಭಾಗದ ಆರ್‌ಸಿಸಿ (ಕಂಬಿ ಹಾಕಿದ ಕಾಂಕ್ರೀಟ್) ಹಾಸನ್ನು ಒಂದಡಿಯಷ್ಟು ತಗ್ಗಿಸಿ, ಆ ಗುಂಡಿಯನ್ನು ಇಟ್ಟಿಗೆ ಚೂರಿನಿಂದ ತುಂಬಿರುತ್ತಾರೆ. ನಮ್ಮಲ್ಲಿ ಆ ತುಂಬು ಪೂರ್ತಿ ನೆನೆದು ಹೋಗಿತ್ತು. ಮೇಲಿನ ಟೈಲ್ಸ್ ಮಾತ್ರ ತೆಗೆದು ಅದರ ಮೇಲೆ ಹೊಸದನ್ನು ಕೂರಿಸಿದ್ದರೆ ಆ ನೀರು ಅಲ್ಲೇ ಉಳಿದು ಕೆಳಗೆ ಇಳಿಯುತ್ತಲೇ ಇರುತ್ತಿತ್ತು. ನಲವತ್ತು ಘನ ಅಡಿಯಷ್ಟು ಒದ್ದೆ ಇಟ್ಟಿಗೆ ಚೂರನ್ನು ಬಾಂಡ್ಲಿಯಲ್ಲಿ ಹೊತ್ತು ಮೆಟ್ಟಿಲಿಳಿಸಿ ಎರಡು ಟ್ರ್ಯಾಕ್ಟರ್ ಲೋಡಿನಲ್ಲಿ ಸಾಗಿಸಬೇಕಾಯಿತು. ಒಡೆಯುವುದಕ್ಕೂ ಸಾಗಿಸುವುದಕ್ಕೂ ಸೇರಿ 17,000 ರೂಪಾಯಿ. ನನ್ನ ಮೊದಲ ಪಟ್ಟಿಯಲ್ಲಿ ಇದಕ್ಕೆ 5,000 ರೂಪಾಯಿ ಬರೆದಿದ್ದೆ.

ಗೋಡೆಯೊಳಗಿನ ಜಿಐ (ಸತು ಲೇಪಿಸಿದ ಕಬ್ಬಿಣದ) ಪೈಪುಗಳನ್ನು ಹೊರತೆಗೆದಾಗ ಮುಕ್ಕಾಲು ಅಂಗುಲದ ಪೈಪಿನೊಳಗೆ ತುಕ್ಕು ಕಟ್ಟಿ ಪೆನ್ಸಿಲ್ ತೂರುವಷ್ಟು ದಾರಿ ಮಾತ್ರ ಉಳಿದಿತ್ತು. ನೀರಿನ ರಭಸ ಕಡಿಮೆಯೆಂದು ವರ್ಷಗಟ್ಟಲೆ ಮೇಲಿನ ಟ್ಯಾಂಕನ್ನು ದೂರುತ್ತಿದ್ದ ನಮಗೆ ಅಂದು ಕಾರಣ ಗೊತ್ತಾಯಿತು. ಬಿಸಿನೀರಿಗೆ ಶಾಖ ತಡೆಯುವ ಸಿಪಿವಿಸಿ ಪ್ಲಾಸ್ಟಿಕ್ ಪೈಪು, ಹೊರಹೋಗುವ ನೀರಿಗೆ ಹೊಸ ಪಿವಿಸಿ, ನೆಲದ ನೀರು ಇಳಿಯುವ ಬಾಯಿಗೆ ಹೊಸ ನಹಾನಿ ಟ್ರ್ಯಾಪ್, ಪ್ಲಂಬರ್ ಕೂಲಿ ಎಲ್ಲ ಸೇರಿ 31,000. ವಾಟರ್‌ಪ್ರೂಫಿಂಗ್, ಕೋಬಾ (ಗುಂಡಿಗೆ ಇಟ್ಟಿಗೆ ಚೂರು ಮತ್ತು ಗಾರೆಯ ಹೊಸ ತುಂಬು), ಗೋಡೆಯ ಪ್ಲಾಸ್ಟರ್, ಕೆಳಗಿನ ಚಾವಣಿಯಲ್ಲಿ ತುಕ್ಕು ಹಿಡಿದ ಕಂಬಿಗಳ ದುರಸ್ತಿ ಸೇರಿ 29,000. ವಿದ್ಯುತ್ ಕೆಲಸಕ್ಕೆ 8,500. ಈ ನಾಲ್ಕನ್ನೇ ಕೂಡಿಸಿದರೆ 85,500 ರೂಪಾಯಿ, ಅಂದರೆ ಒಟ್ಟು ಖರ್ಚಿನ ಅರ್ಧಕ್ಕಿಂತ ಹೆಚ್ಚು. ಇಂದು ಬಚ್ಚಲಿನ ಬಾಗಿಲು ತೆರೆದು ನೋಡುವವರಿಗೆ ಇದರಲ್ಲಿ ಬಹುಪಾಲು ಕಾಣಿಸುವುದೇ ಇಲ್ಲ. ನನ್ನ ಅಭಿಪ್ರಾಯ ಇಷ್ಟೇ: ಪಟ್ಟಿಯ ಮೊದಲ ಸಾಲುಗಳು ಇವೇ ಆಗಿರಬೇಕು, ಇವುಗಳಿಗೆ ಹಣ ಎತ್ತಿಟ್ಟ ಮೇಲೆ ಉಳಿದದ್ದರಲ್ಲಿ ಟೈಲ್ಸ್ ಮತ್ತು ನಲ್ಲಿಗಳನ್ನು ಆರಿಸಬೇಕು. ಹಣ ಸಾಲದಿದ್ದರೆ ಅಗ್ಗದ ನಲ್ಲಿ ಹಾಕಿಸೋಣ, ಐದು ವರ್ಷದ ನಂತರ ಅರ್ಧ ಗಂಟೆಯಲ್ಲಿ ಅದನ್ನು ಬದಲಾಯಿಸಬಹುದು. ಗೋಡೆಯೊಳಗಿನ ಪೈಪನ್ನು ಹಾಗೆ ಬದಲಾಯಿಸಲಾಗದು.

ವಾಟರ್‌ಪ್ರೂಫಿಂಗ್ ಬಗ್ಗೆ ಸ್ವಲ್ಪ ಹೆಚ್ಚೇ ಹೇಳಬೇಕೆನಿಸುತ್ತದೆ, ಏಕೆಂದರೆ ಅತಿ ಹೆಚ್ಚು ಅವಸರ ನಡೆಯುವುದು ಅಲ್ಲಿಯೇ. ಸ್ಲ್ಯಾಬನ್ನು ತೊಳೆದು, ಗೋಡೆ ಮತ್ತು ನೆಲ ಸೇರುವ ಮೂಲೆಗಳನ್ನು ಗಾರೆಯಿಂದ ದುಂಡಗೆ ಮಾಡಿ, ಲೇಪನವನ್ನು ಎರಡು ಸಲ, ಮೊದಲನೆಯದು ಒಣಗಿದ ಮೇಲೆಯೇ ಎರಡನೆಯದನ್ನು ಹಚ್ಚಬೇಕು. ಗೋಡೆಯ ಮೇಲೂ ಒಂದಡಿಯಷ್ಟಾದರೂ ಅದು ಏರಬೇಕು. ಆಮೇಲೆ ಟ್ರ್ಯಾಪಿನ ಬಾಯಿ ಮುಚ್ಚಿ ನೀರು ಕಟ್ಟಿ 48 ಗಂಟೆ ಬಿಟ್ಟು ಕೆಳಗಿನ ಚಾವಣಿಯನ್ನು ನೋಡಬೇಕು. ನಮ್ಮ ಮೇಸ್ತ್ರಿಯವರು “ಸಾರ್, ಎರಡು ದಿನ ಸುಮ್ಮನೆ ಹೋಗುತ್ತೆ, ನಾನು ಗ್ಯಾರಂಟಿ ಕೊಡ್ತೀನಿ” ಎಂದರು. ಅವರು ಪ್ರಾಮಾಣಿಕರು, ಆದರೂ ನಾನು ಒಪ್ಪಲಿಲ್ಲ. ಮೊದಲ ಸಲ ನೀರು ಕಟ್ಟಿದಾಗ ಟ್ರ್ಯಾಪಿನ ಸುತ್ತ ಸಣ್ಣಗೆ ಜಿನುಗಿತು. ಅಲ್ಲಿ ಮತ್ತೆ ಲೇಪಿಸಿ ಮತ್ತೆರಡು ದಿನ ನೀರು ಕಟ್ಟಿದೆವು. ಟೈಲ್ಸ್ ಕೂರಿಸಿದ ಮೇಲೆ ಅದು ಗೊತ್ತಾಗಿದ್ದರೆ ಅಷ್ಟನ್ನೂ ಮತ್ತೆ ಒಡೆಯಬೇಕಾಗುತ್ತಿತ್ತು. ಈ ಅನುಭವದಿಂದಲೇ ಹೇಳುತ್ತೇನೆ, ಟೈಲ್ಸ್ ಕೂರಿಸುವುದನ್ನು ಚದರ ಅಡಿ ಲೆಕ್ಕಕ್ಕೆ ಕೊಡಬಹುದು, ವಾಟರ್‌ಪ್ರೂಫಿಂಗನ್ನು ದಿನಗೂಲಿಗೆ ಕೊಡುವುದೇ ಕ್ಷೇಮ. ಒಟ್ಟು ಗುತ್ತಿಗೆಯಲ್ಲಿ ಒಣಗಲು ಕಾಯುವ ಪ್ರತಿ ದಿನವೂ ಕೆಲಸಗಾರನಿಗೆ ನಷ್ಟ, ಅವನು ಅವಸರ ಮಾಡುವುದು ಸಹಜ.

ನನ್ನಿಂದಾದ ತಪ್ಪೊಂದನ್ನೂ ಹೇಳಿಬಿಡುತ್ತೇನೆ. ಪ್ಲಂಬರನ್ನು ಕೇಳದೆ ಕಮೋಡ್ ಕೊಂಡು ತಂದೆ. ನೆಲಕ್ಕೆ ಇಳಿಯುವ ಪೈಪಿನ ನಡುಮಧ್ಯದಿಂದ ಗೋಡೆಗೆ ಎಷ್ಟು ಅಂಗುಲ ಎಂಬುದರ ಮೇಲೆ ಕಮೋಡಿನ ಆಯ್ಕೆ ನಿಂತಿರುತ್ತದೆ. ನಮ್ಮ ಪೈಪು 9 ಅಂಗುಲದಲ್ಲಿತ್ತು, ನಾನು ತಂದದ್ದು 12 ಅಂಗುಲದ್ದು. ಅಂಗಡಿಯವರು 1,500 ರೂಪಾಯಿ ಕಡಿತ ಮಾಡಿಕೊಂಡು ಬದಲಾಯಿಸಿಕೊಟ್ಟರು. ತೆರಿಗೆಯ ವಿಷಯವೂ ಅಲ್ಲಿಯೇ ಗಮನಕ್ಕೆ ಬಂತು: ಟೈಲ್ಸ್, ಕಮೋಡ್, ನಲ್ಲಿ ಎಲ್ಲಕ್ಕೂ ಶೇಕಡಾ 18 ಜಿಎಸ್‌ಟಿ ಇದೆ, ಬಾಯಲ್ಲಿ ಹೇಳುವ ದರದಲ್ಲಿ ಅದು ಸೇರಿದೆಯೋ ಇಲ್ಲವೋ ಎಂದು ಕೇಳಿಯೇ ಬರೆದುಕೊಳ್ಳಬೇಕು. ಸಿಮೆಂಟಿಗೆ ನಮ್ಮ ಕೆಲಸ ನಡೆದಾಗ ಶೇಕಡಾ 28 ಇತ್ತು. 2025ರ ಸೆಪ್ಟೆಂಬರ್ 22ರಿಂದ ಅದೂ 18ಕ್ಕೆ ಇಳಿದಿದೆ.

ಇನ್ನೊಂದು ಖರ್ಚು ಅಮ್ಮನಿಗಾಗಿ ಮಾಡಿದ್ದು. ಅವರಿಗೆ ಎಪ್ಪತ್ತು ದಾಟಿದೆ, ಯುಗಾದಿ ಮತ್ತು ದೀಪಾವಳಿಗಷ್ಟೇ ಅಲ್ಲದೆ ಶನಿವಾರಗಳಂದೂ ಎಣ್ಣೆ ಹಚ್ಚಿಕೊಂಡು ಸೀಗೆಪುಡಿಯಲ್ಲಿ ಸ್ನಾನ ಮಾಡುತ್ತಾರೆ. ಎಣ್ಣೆಯ ನೀರು ಬಿದ್ದ ನುಣುಪು ಟೈಲ್ಸ್ ಮೇಲೆ ಕಾಲಿಡುವುದು ಎಷ್ಟು ಅಪಾಯವೆಂದು ಬಿಡಿಸಿ ಹೇಳಬೇಕಿಲ್ಲ. ನೆಲಕ್ಕೆ ಜಾರದ ಒರಟು ಟೈಲ್ಸ್, 8 ಅಡಿಗೆ ಒಂದು ಅಂಗುಲದಂತೆ ಟ್ರ್ಯಾಪಿನ ಕಡೆಗೆ ವಾಟ (ಇಳಿಜಾರು), ಕಮೋಡಿನ ಪಕ್ಕದಲ್ಲೂ ಸ್ನಾನದ ಮಣೆಯ ಪಕ್ಕದಲ್ಲೂ ಇಟ್ಟಿಗೆ ಗೋಡೆಗೆ ಆಳವಾಗಿ ಬಿಗಿದ ಸ್ಟೀಲಿನ ಹಿಡಿಕೆ. ಗಾಜಿನ ಪಾರ್ಟಿಷನ್ ಬೇಡವೆಂದು ಬಿಟ್ಟೆವು. ಬಕೆಟ್ಟು ಚೊಂಬಿನಲ್ಲಿ ಸ್ನಾನ ಮಾಡುವ ಮನೆಗೆ ಅದರ ಅಗತ್ಯ ನನಗೆ ಕಾಣಲಿಲ್ಲ. ಗೀಸರಿಗೆ ಪ್ರತ್ಯೇಕ ವೈರು, 16 ಆಂಪಿಯರ್ ಪಾಯಿಂಟು, ಸರಿಯಾದ ಅರ್ಥಿಂಗ್ ಮತ್ತು ವಿದ್ಯುತ್ ಸೋರಿದರೆ ತಕ್ಷಣ ಸಂಪರ್ಕ ಕಡಿಯುವ 30 ಮಿಲಿ ಆಂಪಿಯರ್‌ನ ಆರ್‌ಸಿಸಿಬಿ ಹಾಕಿಸಿದೆವು. ಹಳೆಯ ವೈರಿಂಗಿನಲ್ಲಿ ಅರ್ಥಿಂಗ್ ಇರಲೇ ಇಲ್ಲ, ಅಷ್ಟು ವರ್ಷ ಆ ಗೀಸರಿನ ಕೆಳಗೆ ಸ್ನಾನ ಮಾಡುತ್ತಿದ್ದೆವೆಂದು ನೆನೆದರೆ ಈಗಲೂ ಭಯವಾಗುತ್ತದೆ.

ಎಂಟು ದಿನವೆಂದ ಕೆಲಸಕ್ಕೆ ಹತ್ತೊಂಬತ್ತು ದಿನ ಹಿಡಿಯಿತು. ಕೂಲಿಯನ್ನು ನಾಲ್ಕು ಕಂತಿನಲ್ಲಿ ಕೊಡುವುದಾಗಿ ಮೊದಲೇ ಮಾತಾಗಿತ್ತು. ಕೊನೆಯ ಕಂತು, ಬಚ್ಚಲನ್ನು ಹದಿನೈದು ದಿನ ಬಳಸಿ ನೋಡಿದ ಮೇಲೆ. ಗೋಡೆ ಮುಚ್ಚುವ ಮೊದಲು ಪ್ರತಿ ಪೈಪಿನ ಪಕ್ಕದಲ್ಲಿ ಅಳತೆ ಟೇಪು ಹಿಡಿದು ತೆಗೆದ ಫೋಟೋಗಳನ್ನು ಪ್ರಿಂಟು ಹಾಕಿಸಿ, ಅಪ್ಪ ಜೋಪಾನವಾಗಿಟ್ಟಿದ್ದ ಮನೆಯ ನಕ್ಷೆಯ ಜೊತೆಗೇ ಇಟ್ಟಿದ್ದೇನೆ. ಮುಂದಿನ ಆಷಾಢಕ್ಕೆ ಕೆಳಗಿನ ಬಚ್ಚಲು. ಅದರ ಪಟ್ಟಿಯಲ್ಲಿ ಈವರೆಗೆ ಮೂರೇ ಸಾಲುಗಳಿವೆ: ಒಡೆಯುವುದು, ಪೈಪು, ವಾಟರ್‌ಪ್ರೂಫಿಂಗ್. ಟೈಲ್ಸ್ ಅಂಗಡಿಗೆ ಇನ್ನೂ ಹೋಗಿಲ್ಲ.