ತಲೆಬಾಗಿಲಿಗೆ ಜಾಕಿ

ಗೋಡೆಯಲ್ಲಿ ಬಿರುಕು ಬಿಟ್ಟರೆ ಕ್ಯಾಲೆಂಡರ್ ನೇತು ಹಾಕಬಹುದು. ನೆಲದಲ್ಲಿ ಬಿಟ್ಟರೆ ಚಾಪೆ ಹಾಸಬಹುದು. ತಲೆಬಾಗಿಲ ಮೇಲೆ ಗೋಡೆಯ ಭಾರ ಹೊರುವ ಕಾಂಕ್ರೀಟ್ ತೊಲೆ, ಅಂದರೆ ಲಿಂಟಲ್, ಬಿರುಕು ಬಿಟ್ಟರೆ ಮಾತ್ರ ಮುಚ್ಚಿಡುವುದು ಕಷ್ಟ. ಬಂದವರೆಲ್ಲ ಚಪ್ಪಲಿ ಬಿಡುವಾಗ ತಲೆ ಎತ್ತುತ್ತಾರೆ, ಒಂದು ಸಲ ನೋಡುತ್ತಾರೆ, ಆಮೇಲೆ ಸ್ವಲ್ಪ ಬೇಗನೇ ಒಳಗೆ ಬರುತ್ತಾರೆ.

ಮೈಸೂರಿನ ನಮ್ಮ ಮನೆ ಮಾವನವರು ಎಂಬತ್ತರ ದಶಕದಲ್ಲಿ ಕಟ್ಟಿಸಿದ್ದು. ಆಗಿನ ಕಾಲದ ಒಂಬತ್ತು ಇಂಚಿನ ಗೋಡೆ, ಆಗಿನ ಕಾಲದ ತೇಗದ ಬಾಗಿಲು ಅಂತ ನಮ್ಮವರು ಎಲ್ಲರಿಗೂ ಹೇಳುತ್ತಿದ್ದರು. ಆಗಿನ ಕಾಲದ ಲಿಂಟಲ್ ಬಗ್ಗೆ ಯಾರೂ ಕೇಳಿರಲಿಲ್ಲ. ಬಿರುಕು ಕಂಡ ಕೂಡಲೇ ಅತ್ತೆ ಮಾವಿನೆಲೆಯ ತೋರಣವನ್ನು ಇನ್ನಷ್ಟು ದಟ್ಟವಾಗಿ ಕಟ್ಟಿದರು. ಎಲೆ ಒಣಗಿ ಬಿರುಕು ಇಣುಕಿದಾಗ ಅದರ ಮೇಲೆ ಪ್ಲಾಸ್ಟಿಕ್ ತೋರಣ ಬಂತು. ಅದರ ಮೇಲೆ ದೃಷ್ಟಿಗೊಂಬೆ.

ಎದುರು ಮನೆಯ ನಿವೃತ್ತ ಮೇಷ್ಟ್ರು ಧೈರ್ಯ ಹೇಳಿದರು. "ಹಂಪಿಯಲ್ಲಿ ಕಲ್ಲಿನ ತೊಲೆಗಳೇ ಬಿರುಕು ಬಿಟ್ಟಿವೆ ಕಣ್ರೀ. ಐನೂರು ವರ್ಷದಿಂದ ನಿಂತಿಲ್ವಾ?"

"ಅಲ್ಲಿ ಕೆಲವು ಕಡೆ ಕೆಳಗೆ ಇಟ್ಟಿಗೆ ಕಂಬ ಕೊಟ್ಟಿದ್ದಾರೆ ಸಾರ್" ಅಂದರು ನಮ್ಮವರು.

"ನೀವೂ ಕೊಡಿ. ಬಾಗಿಲ ಮಧ್ಯೆ ಒಂದು."

ಕೊನೆಗೆ ಸಿವಿಲ್ ಇಂಜಿನಿಯರಿಂಗ್ ಓದುತ್ತಿದ್ದ ನಾದಿನಿಯ ಮಗ ಬಂದ. ಬಿರುಕಿಗೂ ಜಾತಕ ಇದೆಯಂತೆ. ಬಾಗಿಲ ಮೂಲೆಯಿಂದ ಮೆಟ್ಟಿಲು ಮೆಟ್ಟಿಲಾಗಿ ಓರೆಯಾಗಿ ಹತ್ತಿದರೆ ಪಾಯ ಕುಸಿದಿರಬಹುದು. ಲಿಂಟಲ್ ನಡುವೆ ನೆಟ್ಟಗೆ ಬಿಟ್ಟರೆ ಭಾರ ತಡೆಯಲು ಆಗುತ್ತಿಲ್ಲ ಅಂತ. ಕೆಳ ಅಂಚಿನ ಉದ್ದಕ್ಕೂ ಅಡ್ಡಡ್ಡ ಓಡಿದರೆ ಒಳಗಿನ ಕಂಬಿಗೆ ತುಕ್ಕು. ನಮ್ಮದು ಅಡ್ಡಡ್ಡ ಓಡಿತ್ತು. ಆದರೂ ಅನುಮಾನ ಬೇಡ ಅಂತ ಒಂದು ತೆಳುವಾದ ಗಾಜಿನ ಪಟ್ಟಿಯನ್ನು ಬಿರುಕಿನ ಮೇಲೆ ಎರಡೂ ಕಡೆ ಪ್ಲಾಸ್ಟರ್ ಆಫ್ ಪ್ಯಾರಿಸ್‌ನಿಂದ ಅಂಟಿಸಿದ. ಬಿರುಕು ಇನ್ನೂ ಬೆಳೆಯುತ್ತಿದ್ದರೆ ಗಾಜು ಒಡೆಯುತ್ತದೆ, ನಿಂತುಹೋಗಿದ್ದರೆ ಇಲ್ಲ. ಇಷ್ಟು ಸರಳವಾದ ಉಪಾಯ ನನಗೆ ಬಹಳ ಇಷ್ಟವಾಯಿತು. ಅತ್ತೆಗೆ ಇನ್ನೂ ಇಷ್ಟವಾಯಿತು. ಅದೇನೋ ವಾಸ್ತು ಸಾಮಾನು ಅಂದುಕೊಂಡು ಮರುದಿನದಿಂದ ಅದಕ್ಕೂ ಕುಂಕುಮ ಇಡತೊಡಗಿದರು.

ಗಾಜು ಒಡೆಯಿತು. ಬಿರುಕು ಬೆಳೆದು ಒಡೆಯಿತೋ, ಪಕ್ಕದ ಮನೆ ಹುಡುಗರ ಟೆನಿಸ್ ಬಾಲ್ ಬಿದ್ದು ಒಡೆಯಿತೋ, ಅತ್ತೆ ಕುಂಕುಮ ಒತ್ತಿದ್ದು ಜಾಸ್ತಿಯಾಯಿತೋ ಎಂಬ ಚರ್ಚೆ ಇವತ್ತಿಗೂ ಮುಗಿದಿಲ್ಲ. ಅಷ್ಟರಲ್ಲಿ ಬಾಗಿಲು ಚೌಕಟ್ಟಿಗೆ ಹಿಡಿದುಕೊಳ್ಳಲು ಶುರುವಾಗಿ, ಭುಜ ಕೊಟ್ಟು ತಳ್ಳಿದರೇ ತೆರೆಯುವ ಹಾಗಾಯಿತು. ಮೇಸ್ತ್ರಿಗೆ ಫೋನು ಹೋಯಿತು.

ಮೇಸ್ತ್ರಿ ಸುತ್ತಿಗೆಯ ಹಿಡಿಯಿಂದ ಲಿಂಟಲ್‌ಗೆ ಕುಟ್ಟಿ ಕಿವಿಗೊಟ್ಟ. ಡಬಡಬ ಅಂತ ಪೊಳ್ಳು ಸದ್ದು. ಇನ್ನೊಂದು ಏಟಿಗೆ ಗಾರೆ ಕಳಚಿ ಬಿತ್ತು. ಒಳಗಿನ ಕಂಬಿಯನ್ನು ಬೆರಳಲ್ಲಿ ಮುಟ್ಟಿದರೆ ಹಪ್ಪಳದ ಹಾಗೆ ಪದರ ಪದರವಾಗಿ ಉದುರಿತು.

"ನೀರು ಕುಡಿದಿದೆ ಅಮ್ಮಾವ್ರೆ. ಮೇಲೇನಿದೆ?"

ಮೇಲೆ ಸಜ್ಜೆ ಇತ್ತು, ಮಳೆ ಬಿಸಿಲು ತಡೆಯಲು ಹೊರಗೆ ಚಾಚಿದ ಕಾಂಕ್ರೀಟ್ ಹಲಗೆ. ಸಜ್ಜೆಯ ಮೇಲೆ ಅತ್ತೆಯ ಸೇವಂತಿಗೆ, ದಾಸವಾಳ, ದೊಡ್ಡಪತ್ರೆಯ ಕುಂಡಗಳು ಸಾಲಾಗಿ ಕೂತಿದ್ದವು. ಮಹಡಿ ಕಿಟಕಿಯಿಂದ ಅವಕ್ಕೆ ದಿನವೂ ಚೊಂಬು ಚೊಂಬು ನೀರು. ಹೋಗಲು ದಾರಿಯಿಲ್ಲದ ನೀರು ಲಿಂಟಲ್‌ಗೆ ಇಳಿದು ಕಂಬಿ ತುಕ್ಕು ಹಿಡಿದಿತ್ತು. ತುಕ್ಕು ಕಬ್ಬಿಣಕ್ಕಿಂತ ಹೆಚ್ಚು ಜಾಗ ಕೇಳುತ್ತದೆ. ಜಾಗ ಸಿಗದಿದ್ದರೆ ಕಾಂಕ್ರೀಟನ್ನು ಒಳಗಿನಿಂದಲೇ ಸೀಳುತ್ತದೆ. ಇದನ್ನೆಲ್ಲ ಹುಡುಗ ವಿವರಿಸುವಾಗ ಅತ್ತೆ ದಾಸವಾಳದ ಮೊಗ್ಗು ಎಣಿಸುತ್ತಿದ್ದರು.

ಕಂಬಿ ಗಟ್ಟಿಯಿದ್ದಿದ್ದರೆ ತುಕ್ಕು ಉಜ್ಜಿ, ಬಣ್ಣ ಬಳಿದು, ಗಾರೆ ತುಂಬಿ ರಿಪೇರಿ ಮಾಡಬಹುದಿತ್ತು. ಇದು ಆ ಹಂತ ದಾಟಿತ್ತು. ಹೊಸದೇ ಆಗಬೇಕು. ಆದರೆ ಆಗ ಆಷಾಢ. ಆಷಾಢದಲ್ಲಿ ಹೊಸ್ತಿಲು, ಬಾಗಿಲಿಗೆ ಕೈ ಹಾಕುವಂತಿಲ್ಲ ಅಂತ ಅತ್ತೆಯ ಆಜ್ಞೆ. ಲಿಂಟಲ್‌ಗೆ ಪಂಚಾಂಗ ಓದಲು ಬರುವುದಿಲ್ಲ ಎಂದು ನಮ್ಮವರು ಗೊಣಗಿದರು, ಮೆಲ್ಲಗೆ. ಶ್ರಾವಣ ಬರಲಿ ಅಂತಾಯಿತು. ಶ್ರಾವಣ ಬಂದರೆ ಹಿಂದೆಯೇ ವರಮಹಾಲಕ್ಷ್ಮಿ ಬರುತ್ತಾಳೆ ಅನ್ನುವುದು ಆಗ ಯಾರ ತಲೆಗೂ ಹೊಳೆಯಲಿಲ್ಲ.

ಕೆಲಸ ಶುರುವಾಯಿತು. ಸಜ್ಜೆಗೆ ಸರ್ವೆ ಕಂಬ ಕೊಟ್ಟು ತುಂಡು ತುಂಡಾಗಿ ಒಡೆದರು. ಲಿಂಟಲ್‌ಗಿಂತ ಮೇಲೆ ಗೋಡೆಯಲ್ಲಿ ತೂತು ಕೊರೆದು, ಅಡ್ಡಕ್ಕೆ ತೊಲೆ ತೂರಿಸಿ, ಎರಡೂ ಕಡೆ ಅದನ್ನು ಎತ್ತಿ ಹಿಡಿಯುವ ಕಬ್ಬಿಣದ ಜಾಕಿ ನಿಲ್ಲಿಸಿದರು. ಹಳೆಯ ಲಿಂಟಲ್ ಎಳೆಯುವಾಗ ಅತ್ತೆ ದೇವರ ಮನೆ ಸೇರಿ ಬಾಗಿಲು ಹಾಕಿಕೊಂಡರು. ನಾಲ್ಕು ಇಟ್ಟಿಗೆ ಬಿದ್ದವು, ಅಷ್ಟೆ. ಉಳಿದ ಗೋಡೆ ಹಾಗೇ ನಿಂತಿತ್ತು. ಇಟ್ಟಿಗೆಗಳು ಒಂದಕ್ಕೊಂದು ಆತುಕೊಂಡು ತಾವೇ ಕಮಾನಾಗಿ ನಿಲ್ಲುತ್ತವಂತೆ. ಲಿಂಟಲ್ ಹೊರುವುದು ಮುಖ್ಯವಾಗಿ ತನ್ನ ನೆತ್ತಿಯ ಮೇಲಿನ ಒಂದು ತ್ರಿಕೋನದಷ್ಟು ಗೋಡೆಯನ್ನು. ಇಷ್ಟು ಕಡಿಮೆ ಕೆಲಸಕ್ಕೆ ಇಷ್ಟು ರಾದ್ಧಾಂತ ಮಾಡುವವರು ಮನುಷ್ಯರಲ್ಲೂ ಇದ್ದಾರೆ, ಬಿಡಿ.

ಬಾಗಿಲಿನ ಅಗಲ 3.5 ಅಡಿ. ಲಿಂಟಲ್ ಎರಡೂ ಕಡೆ ಅರ್ಧರ್ಧ ಅಡಿ ಗೋಡೆಯ ಮೇಲೆ ಕೂರಬೇಕು, ಹಾಗಾಗಿ ಒಟ್ಟು 4.5 ಅಡಿ. ಮುಖ್ಯ ಕಂಬಿ ಕೆಳಗಡೆಯೇ ಇರಬೇಕು, ಯಾಕೆಂದರೆ ಭಾರ ಬಿದ್ದಾಗ ಎಳೆತವಿರುವುದು ಕೆಳಗೆ. ಸಜ್ಜೆ ಗೋಡೆಯಿಂದ ಹೊರಗೆ ಚಾಚಿಕೊಂಡಿರುವುದರಿಂದ ಅದಕ್ಕೆ ಮಾತ್ರ ಕಂಬಿ ಮೇಲ್ಭಾಗದಲ್ಲಿ. ಕಾಂಕ್ರೀಟ್ ಸುರಿದಾದ ಮೇಲೆ ಮೇಸ್ತ್ರಿ ಬಾಗಿಲನ್ನು ಕಳಚಿ ಒಳಗಿಟ್ಟು, ಹೊರಗಿನಿಂದ ಪ್ಲೈವುಡ್ ಹೊಡೆದ.

"ಜಾಕಿ 14 ದಿನ ಮುಟ್ಟಂಗಿಲ್ಲ ಸಾರ್. ಒಬ್ರೂ ಇಲ್ಲಿ ಓಡಾಡಬಾರ್ದು."

"ಮತ್ತೆ ಹಬ್ಬ?" ಅಂದರು ಅತ್ತೆ. ಎಲ್ಲರೂ ಕ್ಯಾಲೆಂಡರ್ ನೋಡಿದೆವು. ಹಬ್ಬದ ಶುಕ್ರವಾರ ಸರಿಯಾಗಿ ಆ 14 ದಿನಗಳ ಒಳಗೇ ಕೂತಿತ್ತು.

ತಲೆಬಾಗಿಲು ಎಂಥ ಉಪಕಾರಿ ಅಂತ ಆವಾಗಲೇ ಗೊತ್ತಾಗಿದ್ದು. ಬೆಲ್ ಆದಮೇಲೆ ಬಾಗಿಲು ತೆಗೆಯುವ ತನಕ ಅದು ಕೊಡುವ ಅರ್ಧ ನಿಮಿಷ ಇದೆಯಲ್ಲ, ಅಷ್ಟರಲ್ಲಿ ಸೋಫಾ ಮೇಲಿನ ಒಣಗಿದ ಬಟ್ಟೆ ಮಂಚಕ್ಕೆ ಹೋಗುತ್ತದೆ, ನಮ್ಮವರ ಮೈಮೇಲೆ ಶರ್ಟು ಬರುತ್ತದೆ. ಹಿತ್ತಲ ಬಾಗಿಲಿಗೆ ಬೆಲ್ಲೇ ಇಲ್ಲ. ಮದುವೆ ಕರೆಯಲು ಬಂದ ದೂರದ ನೆಂಟರು ಪಕ್ಕದ ಓಣಿಯಲ್ಲಿ ಅಡ್ಡಡ್ಡ ನುಸುಳಿ, ಒದ್ದೆ ಸೀರೆಯ ಕೆಳಗೆ ಬಗ್ಗಿ, ಬಟ್ಟೆ ಒಗೆಯುವ ಕಲ್ಲು ದಾಟಿ ನೇರ ಅಡುಗೆಮನೆಗೇ ಬಂದರು. ನಮ್ಮವರು ಬನಿಯನ್ನಿನಲ್ಲಿ ನೆಲದ ಮೇಲೆ ಕೂತು ಈರುಳ್ಳಿ ಹೆಚ್ಚುತ್ತಿದ್ದರು. ನೆಂಟರ ಯಜಮಾನತಿ ತನ್ನ ಗಂಡನ ಕಡೆ ತಿರುಗಿ, "ನೋಡಿ, ನೋಡಿ ಕಲೀರಿ" ಅಂದಳು. ಆ ಮನುಷ್ಯ ಆಮಂತ್ರಣ ಪತ್ರಿಕೆಯನ್ನು ನಮ್ಮವರ ಕೈಗೆ ಕೊಟ್ಟ ರೀತಿ ನೋಡಿದರೆ ಮದುವೆಗೆ ನಾವು ಬರದಿದ್ದರೂ ಅವರಿಗೇನೂ ಬೇಜಾರಿಲ್ಲ ಅನಿಸಿತು.

ಅತ್ತೆಯ ಚಿಂತೆ ಬೇರೆ. ಸಂಜೆ ದೀಪ ಹಚ್ಚುವಾಗ ಹಿತ್ತಲ ಬಾಗಿಲು ಮುಚ್ಚಬೇಕು, ಇಲ್ಲದಿದ್ದರೆ ಮುಂದಿನಿಂದ ಬಂದ ಲಕ್ಷ್ಮಿ ಹಿಂದಿನಿಂದ ಹೊರಟುಹೋಗುತ್ತಾಳೆ. ಈಗ ಮುಂದೆ ಪ್ಲೈವುಡ್. ಹಿಂದೆ ಮುಚ್ಚಿದರೆ ನಾವೇ ಬಂದಿ.

"ಹಿತ್ತಲಿಂದಾನೇ ಬರ್ಲಿ ಬಿಡಮ್ಮ" ಅಂದರು ನಮ್ಮವರು.

"ಹಿತ್ತಲಿಂದ ಬರೋದು ಲಕ್ಷ್ಮಿ ಅಲ್ಲ ಕಣೋ, ಅವಳಕ್ಕ!"

ಕೊನೆಗೆ ರಂಗೋಲಿ ಎರಡೂ ಕಡೆ ಬಿತ್ತು. ಹಬ್ಬದ ದಿನ ಜಾಕಿಗಳಿಗೆ ಅರಿಶಿನ ಕುಂಕುಮ, ಪ್ಲೈವುಡ್‌ಗೆ ತೋರಣ. ಅರಿಶಿನ ಕುಂಕುಮಕ್ಕೆ ಬಂದ ಹೆಂಗಸರೆಲ್ಲ ರೇಷ್ಮೆ ಸೀರೆ ಎತ್ತಿ ಹಿಡಿದು ಹಿತ್ತಲ ಮೂಲಕವೇ ಬಂದರು. ಬಂದವರು ಒಲೆಯ ಮೇಲಿನ ಪಾತ್ರೆಗಳ ಮುಚ್ಚಳ ತೆಗೆದು ನೋಡಿದರು. ಒಬ್ಬರು ಹುಳಿಗೆ ಉಪ್ಪು ಸಾಲದು ಅಂತ ತಾವೇ ಹಾಕಿದರು. ನಾನು ಮೊದಲೇ ಹಾಕಿದ್ದೆ. ಅವತ್ತಿನ ಊಟಕ್ಕೆ ಎಲ್ಲರೂ ಮೊಸರು ಜಾಸ್ತಿ ಬಡಿಸಿಕೊಂಡರು.

ಈ ನಡುವೆ ಕ್ಯೂರಿಂಗ್. ಹೊಸ ಲಿಂಟಲ್ಲು, ಸಜ್ಜೆಗೆ ಗೋಣಿತಾಟು ಸುತ್ತಿ ನಮ್ಮವರು ಬೆಳಗ್ಗೆ ಸಂಜೆ ಪೈಪು ಹಿಡಿದು ನೀರು ಬಿಡುತ್ತಿದ್ದರು. ಅತ್ತೆ ಗೇಟಿನ ಬಳಿ ಕುರ್ಚಿ ಹಾಕಿಸಿಕೊಂಡು ನೋಡುತ್ತಿದ್ದರು.

"ಇಷ್ಟು ವರ್ಷ ನಾನು ಒಂದು ಚೊಂಬು ಹಾಕಿದ್ದಕ್ಕೆ ಲಿಂಟಲ್ ಕೆಟ್ಟುಹೋಯ್ತು ಅಂದ್ರಿ. ಈಗ ನೀನು ತೊಟ್ಟಿಗಟ್ಟಲೆ ಸುರೀತಿದ್ದೀಯಲ್ಲೋ?"

ಹಸಿ ಕಾಂಕ್ರೀಟ್ ಗಟ್ಟಿಯಾಗಲು ನೀರು ಬೇಕು, ಕನಿಷ್ಠ ಒಂದು ವಾರವಾದರೂ ಒಣಗಬಾರದು ಅಂತ ನಮ್ಮವರು ಹೇಳಿದರು. ಅತ್ತೆ ಪಕ್ಕದ ಮನೆಯವರ ಕಡೆ ತಿರುಗಿ, "ಮಗ ಹಾಕಿದ್ರೆ ಕ್ಯೂರಿಂಗು, ತಾಯಿ ಹಾಕಿದ್ರೆ ತುಕ್ಕು" ಅಂದರು.

ಜಾಕಿ ತೆಗೆದ ದಿನ ಬಾಗಿಲು ಒಂದೇ ಬೆರಳಿಗೆ ತೆರೆದುಕೊಂಡಿತು. ಮೇಸ್ತ್ರಿ ಸಜ್ಜೆಗೆ ಹೊರಗಡೆ ಇಳಿಜಾರು ಕೊಟ್ಟಿದ್ದ, ನೀರು ನಿಲ್ಲದೆ ಹರಿದುಹೋಗಲಿ ಅಂತ. ಅಂಚಿನ ಕೆಳಗೆ ಒಂದು ಸಣ್ಣ ಗೆರೆ ಕೊರೆದು, ಹನಿ ಗೋಡೆಗೆ ವಾಪಸ್ ಬರದ ಹಾಗೆ ಮಾಡಿದ್ದ. ತೋರಣದ ಮೊಳೆ ಇನ್ನುಮೇಲೆ ಮರದ ಚೌಕಟ್ಟಿಗೇ ಹೊಡೆಯಬೇಕು ಅಂತಲೂ ಹೇಳಿದ. ಅತ್ತೆ ಎಲ್ಲದಕ್ಕೂ ತಲೆಯಾಡಿಸಿದರು. ಇಷ್ಟು ಬೇಗ ಒಪ್ಪಿದ್ದು ನೋಡಿಯೇ ನನಗೆ ಅನುಮಾನ ಬಂದಿತ್ತು.

ಮೊನ್ನೆ ಬಾಕಿ ದುಡ್ಡಿಗೆ ಅಂತ ಮೇಸ್ತ್ರಿ ಬಂದಿದ್ದ. ನಮ್ಮವರು ಒಳಗೆ ದುಡ್ಡು ಎಣಿಸುತ್ತಿದ್ದಾಗ ಅತ್ತೆ ಅವನನ್ನು ತುಳಸಿಕಟ್ಟೆಯ ಹತ್ತಿರ ಕರೆದು, ದನಿ ತಗ್ಗಿಸಿ ಕೇಳಿದರು:

"ಏನಪ್ಪಾ, ಆ ಸಜ್ಜೆ ಮೇಲೆ ಒಂದು ಮೂಲೆಗೆ ಸ್ವಲ್ಪ ಸಿಮೆಂಟು ಬಳಿದು ಮಟ್ಟ ಮಾಡಿಕೊಡಕ್ಕಾಗುತ್ತಾ? ಎರಡೇ ಕುಂಡ."