ಹಲ್ಲುನೋವಿಗೆ ಬುದ್ಧಿ ಪರೀಕ್ಷೆ

ನಮ್ಮ ಸೋದರತ್ತೆಯ ಮಗನಿಗೆ 22 ವರ್ಷ. ಬೌದ್ಧಿಕ ಅಂಗವೈಕಲ್ಯವಿದೆ, ಮಾತು ಕಡಿಮೆ. ಹೋದ ತಿಂಗಳು ಎಡಗೆನ್ನೆಗೆ ತಾನೇ ಹೊಡೆದುಕೊಳ್ಳತೊಡಗಿದ. ಬಲಗೆನ್ನೆಯ ತಂಟೆಗೆ ಹೋಗಲಿಲ್ಲ. ನೋವು ಎಲ್ಲಿದೆ ಎಂದು ಇಷ್ಟು ಸ್ಪಷ್ಟವಾಗಿ ತೋರಿಸುವ ರೋಗಿ ಸಿಗಲು ವೈದ್ಯರು ಪುಣ್ಯ ಮಾಡಿರಬೇಕು. ನಮ್ಮ ಡಾಕ್ಟರು ತಲೆಯೆತ್ತದೆ, "ಇಂಥವರು ಹಾಗೇ ಅಲ್ಲವೇನಮ್ಮ" ಎಂದು ನಿದ್ದೆಮಾತ್ರೆ ಬರೆದರು. ಅವನು ಮಲಗಿದ. ಹಲ್ಲು ಮಲಗಲಿಲ್ಲ.

ದೊಡ್ಡಾಸ್ಪತ್ರೆಗೆ ಹೋದೆವು. "ಅಂಗವಿಕಲರ ಕಾರ್ಡ್ ಎಲ್ಲಿ?" ಎಂದರು. ಕೊಟ್ಟೆವು. ವೈಕಲ್ಯ ಶೇ 75. ಸಾಮಾಜಿಕ ಪಕ್ವತೆಯ ಪರೀಕ್ಷೆಯಲ್ಲಿ 36ರಿಂದ 54 ಅಂಕ ಬಂದರೆ 75, 35ಕ್ಕೆ ಇಳಿದರೆ 90. ಬುದ್ಧಿಯನ್ನು ಹೀಗೆ ಚಿನ್ನದಂತೆ ತೂಗಿದ ಸರ್ಕಾರ ಅವನ ಬಾಯಲ್ಲಿ ಎಷ್ಟು ಹಲ್ಲಿವೆ ಎಂದು ಇದುವರೆಗೆ ಎಣಿಸಿಲ್ಲ.

2018ರ ಕೇಂದ್ರ ಮಾರ್ಗಸೂಚಿಯಂತೆ ಈ ವೈಕಲ್ಯ ಪ್ರಮಾಣಪತ್ರವನ್ನು 5, 10, 18ನೇ ವಯಸ್ಸಿನಲ್ಲಿ ನವೀಕರಿಸಬೇಕಿತ್ತು. ಹಲಸಿನಕಾಯಿಯನ್ನು ತಟ್ಟಿ ನೋಡಿದಂತೆ, ಈಗಲಾದರೂ ಬಲಿತಿದೆಯೇ ಎಂದು. ಹದಿನೆಂಟಕ್ಕೆ ಸರ್ಕಾರ ಆಸೆ ಬಿಟ್ಟು ಆಜೀವ ಪತ್ರ ಕೊಟ್ಟಿತು. ಅದೇ ಕೈಯಲ್ಲಿ ತಾಯಿಯನ್ನು ಕಿತ್ತುಕೊಂಡಿತು. ಆ ಹುಟ್ಟುಹಬ್ಬದ ಹಿಂದಿನ ರಾತ್ರಿ ತಾಯಿಯಾಗಿ ಮಲಗಿದ ನಮ್ಮತ್ತೆ ಬೆಳಗ್ಗೆ ಅರ್ಜಿದಾರರಾಗಿ ಎದ್ದರು. 1999ರ ರಾಷ್ಟ್ರೀಯ ನ್ಯಾಸ (ನ್ಯಾಷನಲ್ ಟ್ರಸ್ಟ್) ಕಾಯ್ದೆಯಡಿ ಜಿಲ್ಲಾ ಮಟ್ಟದ ಸಮಿತಿ ಕುಳಿತು, ಹೌದು, ಇವರೇ ಪಾಲಕರು ಎನ್ನಬೇಕು. ಅರ್ಜಿ ಇನ್ನೂ 'ಪರಿಶೀಲನೆಯಲ್ಲಿದೆ'. ಹಾಗಾಗಿ ಅರಿವಳಿಕೆ ಕೊಟ್ಟು ಬಾಯಿ ನೋಡಲು ಒಪ್ಪಿಗೆಯ ಸಹಿ ಯಾರದು ಎಂಬುದು ಆಸ್ಪತ್ರೆಗೆ ಬಗೆಹರಿಯದ ಪ್ರಶ್ನೆ. ಹಡೆದದ್ದು ಸಾಲದು, ಮೊಹರು ಬೇಕು.

ಅಂಗವಿಕಲರಿಗೆ ತಪಾಸಣೆಯಲ್ಲಿ, ಚಿಕಿತ್ಸೆಯಲ್ಲಿ ಆದ್ಯತೆ ಕೊಡಬೇಕೆಂದು 2016ರ ಹಕ್ಕುಗಳ ಕಾಯ್ದೆ ಹೇಳುತ್ತದೆ. ಸುಳ್ಳು ಹೇಳಬಾರದು, ಕೊಟ್ಟರು. ಎಲ್ಲರಿಗಿಂತ ಮೊದಲು ಅವನನ್ನು ಮನೋರೋಗ ವಿಭಾಗಕ್ಕೆ ಸಾಗಹಾಕಿದರು. ಅಲ್ಲಿಂದ ದಂತ ವಿಭಾಗಕ್ಕೆ. ಬಾಯಿ ತೆರೆಯುತ್ತಿಲ್ಲವೆಂದು ದಂತದವರು ಮರಳಿ ಮನೋರೋಗಕ್ಕೆ. ಮಧ್ಯಾಹ್ನದ ಹೊತ್ತಿಗೆ ಆ ಎರಡು ಮಹಡಿಗಳ ನಡುವಿನ ಮೆಟ್ಟಿಲುಗಳ ಲೆಕ್ಕ ಅವನಿಗೆ ಬಾಯಿಪಾಠವಾಗಿತ್ತು. ಬುದ್ಧಿ ಅಂಕ ಒಂದೆರಡು ಏರಿದ್ದರೂ ಆಶ್ಚರ್ಯವಿಲ್ಲ.

ಮೊಗಸಾಲೆಯಲ್ಲಿ ನೆಲ ಒರೆಸುತ್ತಿದ್ದ ಹೆಂಗಸು ಬಂದು ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತು, "ಎಲ್ಲಿ, ಆ ಅನ್ನಪ್ಪ" ಎನ್ನುತ್ತಾ ತಾನೇ ದೊಡ್ಡದಾಗಿ ಬಾಯಿ ತೆರೆದಳು. ಅವನೂ ತೆರೆದ. ನನ್ನ ಮೊಬೈಲ್ ಬೆಳಕಿನಲ್ಲಿ ಎಡದವಡೆಯ ಹಲ್ಲು ಕಪ್ಪಗೆ ಗುಂಡಿ ಬಿದ್ದಿದ್ದು ಕಂಡಿತು.

"ಹುಳುಕಮ್ಮ, ಎಷ್ಟು ನೋವೋ ಪಾಪ" ಎಂದಳು.

ಆಕೆಯ ಮಾತನ್ನು ಬರೆದುಕೊಳ್ಳಿ ಎಂದು ನಾನು ಕೌಂಟರಿಗೆ ಓಡಿದೆ. ಬರೆಯಲು ಜಾಗವಿರಲಿಲ್ಲ. 'ತೊಂದರೆ ಏನು, ಎಷ್ಟು ದಿನದಿಂದ' ಎಂಬಲ್ಲಿ ಬೆಳಗ್ಗೆಯೇ ತುಂಬಿಸಿದ್ದರು: ಬುದ್ಧಿಮಾಂದ್ಯತೆ, 22 ವರ್ಷದಿಂದ.