ಕೊನೆಯ ಪರೀಕ್ಷೆ ಯಾವ ದಿನ, ಅದೊಂದನ್ನು ಹೇಳಿಬಿಡಿ ಸ್ವಾಮಿ

ಬೆಂಗಳೂರಿನಲ್ಲಿ ಓದುವ ಮಗಳ ಕಾಲೇಜಿನಿಂದ ಈಗಷ್ಟೇ ಸುತ್ತೋಲೆ ಬಂದಿದೆ. ಲಿಖಿತ ಪರೀಕ್ಷೆ ಯಾವಾಗ ಶುರು ಎಂಬುದು ದಪ್ಪಕ್ಷರದಲ್ಲಿದೆ. ಬಾಕಿ ಶುಲ್ಕ ಯಾವ ದಿನದೊಳಗೆ ಕಟ್ಟಬೇಕು ಎಂಬುದು ಇನ್ನೂ ದಪ್ಪಕ್ಷರದಲ್ಲಿದೆ. ಪ್ರಾಯೋಗಿಕ ಪರೀಕ್ಷೆ ಮುಗಿಯುವುದು ಯಾವಾಗ? "ನಂತರ ತಿಳಿಸಲಾಗುವುದು." ಕಾಲೇಜಿನ ಹೆಸರು ಕೇಳಬೇಡಿ, ಅವಳ ಓದು ಇನ್ನೂ ಮುಗಿದಿಲ್ಲ.

ನಮ್ಮದು ಕಲಬುರಗಿ ಎಂಬುದು ನಿಮಗೆಲ್ಲ ಗೊತ್ತೇ ಇದೆ. ಬೆಂಗಳೂರಿನಿಂದ ಮಂಡ್ಯಕ್ಕೆ ಹೋಗುವವರ ಹಾಗೆ ಪರೀಕ್ಷೆ ಬರೆದು, ಚೀಲ ಹೆಗಲಿಗೇರಿಸಿ, ಸಿಕ್ಕಿದ ಗಾಡಿ ಹತ್ತುವ ಭಾಗ್ಯ ನಮ್ಮ ಮಕ್ಕಳಿಗಿಲ್ಲ. ಆಂಧ್ರದ ಧರ್ಮಾವರಂ, ಗುಂತಕಲ್ಲು ಸುತ್ತಿ, ರಾಯಚೂರು, ಯಾದಗಿರಿ, ವಾಡಿ ದಾಟಿ ಬರಬೇಕು. ಉದ್ಯಾನ್, ಕರ್ನಾಟಕ ಎಕ್ಸ್‌ಪ್ರೆಸ್, ಬಸವ, ಹಾಸನ–ಸೋಲಾಪುರ ಎಂದು ಹೆಸರು ಹೇಳಲು ರೈಲುಗಳೇನೋ ಇವೆ. ಆದರೆ ಉದ್ಯಾನ್‌ನಲ್ಲಿ ಮುಂಬೈಯವರ ಜೊತೆ ಪೈಪೋಟಿ, ಕರ್ನಾಟಕದಲ್ಲಿ ದೆಹಲಿಯವರ ಜೊತೆ. (ಹತ್ತು ವರ್ಷಕ್ಕೂ ಹಿಂದೆ ಘೋಷಣೆಯಾದ ಕಲಬುರಗಿ ರೈಲ್ವೆ ವಿಭಾಗದ ಪುರಾಣಕ್ಕೆ ಇವತ್ತು ಕೈ ಹಾಕುವುದಿಲ್ಲ. ರಕ್ತದೊತ್ತಡದ ಮಾತ್ರೆ ಈಗಷ್ಟೇ ನುಂಗಿದ್ದೇನೆ.)

ಟಿಕೆಟ್ ಬುಕಿಂಗ್ ತೆರೆಯುವುದು 60 ದಿನ ಮೊದಲು, ಬೆಳಿಗ್ಗೆ ಎಂಟಕ್ಕೆ. ಹಬ್ಬದ ಹಿಂದುಮುಂದಿನ ದಿನಗಳಾದರೆ ಕಾಫಿ ಆರುವಷ್ಟರಲ್ಲಿ ವೇಟಿಂಗ್ ಲಿಸ್ಟ್. ಕಾಲೇಜಿನವರು ತಾರೀಕು ಹೇಳುವುದು ಪರೀಕ್ಷೆಗೆ ಹದಿನೈದು ಇಪ್ಪತ್ತು ದಿನ ಇರುವಾಗ. ಅಷ್ಟರಲ್ಲಿ ರೈಲು ತುಂಬಿ ತಿಂಗಳಾಗಿರುತ್ತದೆ.

ರೈಲ್ವೆಯನ್ನು ಬೈಯುವುದು ನಮ್ಮೂರಿನವರ ಜನ್ಮಸಿದ್ಧ ಹಕ್ಕು. ಆದರೂ ನ್ಯಾಯ ನ್ಯಾಯವೇ. ಮೊದಲು 120 ದಿನ ಮುಂಚೆ ಬುಕ್ ಮಾಡಬೇಕಿತ್ತು, 2024ರ ನವೆಂಬರ್‌ನಿಂದ ಅದನ್ನು ಅರ್ಧಕ್ಕೆ ಇಳಿಸಿದರು. ಹೊರಡುವ ನಾಲ್ಕು ಗಂಟೆ ಮೊದಲು ಸಿದ್ಧವಾಗುತ್ತಿದ್ದ ಚಾರ್ಟ್ 2025ರ ಜುಲೈನಲ್ಲಿ ಎಂಟು ಗಂಟೆ ಮೊದಲಿಗೆ ಬಂತು, ಈಗ ಅದಕ್ಕೂ ಮೊದಲೇ ಸಿದ್ಧವಾಗುತ್ತದೆ. ರಾತ್ರಿಯ ರೈಲಿಗೆ ಮಧ್ಯಾಹ್ನವೇ ಹಣೆಬರಹ ತಿಳಿಯುತ್ತದೆ. ಲಕ್ಷಾಂತರ ಜನರನ್ನು ಹೊರುವ ರೈಲ್ವೆಗೆ ಮೊದಲೇ ಹೇಳಲು ಸಾಧ್ಯವಾಗುವುದಾದರೆ, ಮೂರು ಪ್ರಯೋಗಾಲಯಗಳಿರುವ ಒಂದು ವಿಭಾಗಕ್ಕೆ ಏಕೆ ಸಾಧ್ಯವಿಲ್ಲ?

"ಹೊರಗಿನ ಪರೀಕ್ಷಕರು ಸಿಗಬೇಕಲ್ಲ ಮೇಡಂ, ಅವರ ಒಪ್ಪಿಗೆ ಬರಬೇಕಲ್ಲ" ಎನ್ನುತ್ತಾರೆ. ಸರಿ, ಬರಲಿ. ನಾನು ವೇಳಾಪಟ್ಟಿ ಕೇಳುತ್ತಿಲ್ಲ, ಪ್ರಶ್ನೆಪತ್ರಿಕೆಯನ್ನಂತೂ ಕೇಳುತ್ತಿಲ್ಲ. ಈ ದಿನ ದಾಟಿದ ಮೇಲೆ ಪರೀಕ್ಷೆ ಇರುವುದಿಲ್ಲ ಎಂಬ ಒಂದು ಸಾಲು ಸಾಕು. ಪರೀಕ್ಷಕರು ಆ ಗೆರೆಯೊಳಗೆ ಬರಲಿ.

ರಿಯಾಯಿತಿಯ ಕತೆಯೂ ಇದೇ. ಊರಿಗೆ ಹೋಗುವ ವಿದ್ಯಾರ್ಥಿಗಳಿಗೆ ಸ್ಲೀಪರ್‌ನಲ್ಲಿ ಅರ್ಧ ದರದ ಸೌಲಭ್ಯವಿದೆ, ಪರಿಶಿಷ್ಟ ಜಾತಿ, ಪಂಗಡದ ಮಕ್ಕಳಿಗೆ ಇನ್ನೂ ಹೆಚ್ಚು. ಆನ್‌ಲೈನ್‌ನಲ್ಲಿ ಅದು ಸಿಗುವುದಿಲ್ಲ. ಪ್ರಾಂಶುಪಾಲರ ಸಹಿ ಇರುವ ನಮೂನೆ ಹಿಡಿದು ಕೌಂಟರಿಗೆ ಹೋಗಬೇಕು. ತಾರೀಕೇ ಗೊತ್ತಿಲ್ಲದವಳು ಯಾವ ಪ್ರಯಾಣಕ್ಕೆಂದು ಸಹಿ ಕೇಳಬೇಕು? ತಾರೀಕು ಗೊತ್ತಾದಾಗ ಕೌಂಟರಿನಲ್ಲೂ ವೇಟಿಂಗ್ ಲಿಸ್ಟ್ ಬಿಟ್ಟರೆ ಬೇರೇನೂ ಇರುವುದಿಲ್ಲ. 2025ರ ಮೇ ತಿಂಗಳಿನಿಂದ ಆ ಟಿಕೆಟ್ ಹಿಡಿದು ಸ್ಲೀಪರ್ ಬೋಗಿ ಹತ್ತುವಂತೆಯೂ ಇಲ್ಲ. ಅರ್ಧ ದರಕ್ಕೆ ಅರ್ಧ ಪ್ರಯಾಣವನ್ನೂ ಕೊಡುವುದಿಲ್ಲ.

ಇನ್ನು ನಮ್ಮ ಮನೆಯ ಜ್ಞಾನಿಗಳು. "ಮಗಳು ದೊಡ್ಡವಳಾಗಿದ್ದಾಳೆ, ಅವಳ ಟಿಕೆಟ್ ಅವಳೇ ಮಾಡಿಕೊಳ್ಳಲಿ, ನೀನೇಕೆ ತಲೆ ಹಾಕುತ್ತೀಯ?" ಎಂದು ಯಜಮಾನರು ಪೇಪರಿನಿಂದ ತಲೆ ಎತ್ತದೆ ಕೇಳಿದರು. ತತ್ಕಾಲ್ ತೆರೆಯುವುದು ಹಿಂದಿನ ದಿನ ಎಸಿಗೆ ಹತ್ತು ಗಂಟೆಗೆ, ಸ್ಲೀಪರ್‌ಗೆ ಹನ್ನೊಂದಕ್ಕೆ. ಆ ಹೊತ್ತಿಗೆ ಅವಳು ಪರೀಕ್ಷೆಯ ಕೊಠಡಿಯಲ್ಲಿ, ಅವಳ ಮೊಬೈಲ್ ಹೊರಗೆ ಬ್ಯಾಗಿನಲ್ಲಿ. 2025ರ ಜುಲೈನಿಂದ ಆನ್‌ಲೈನ್ ತತ್ಕಾಲ್‌ಗೆ ಆಧಾರ್ ಜೋಡಿಸಿದ ಖಾತೆ ಬೇಕು, ಒಟಿಪಿಯೂ ಬೇಕು. ಒಟಿಪಿಯನ್ನು ಬ್ಯಾಗಿನ ಜಿಪ್ ಓದುತ್ತದೆಯೇ? ಯಜಮಾನರು ಮತ್ತೆ ಪೇಪರಿಗೆ ಮರಳಿದರು.

ಬಸ್ಸಿನ ಸಲಹೆ ಕೊಡುವವರೂ ಇದ್ದಾರೆ. ಶಕ್ತಿ ಯೋಜನೆ ಇದೆಯಲ್ಲ, ದುಡ್ಡೇ ಬೇಡ ಎನ್ನುತ್ತಾರೆ. ಸ್ಲೀಪರ್ ಬಸ್ಸಿಗೆ ಅದು ಅನ್ವಯಿಸುವುದಿಲ್ಲ. ಪರೀಕ್ಷೆಗೆಂದು ನಿದ್ದೆಗೆಟ್ಟ ಹುಡುಗಿ ಸಾಮಾನ್ಯ ಬಸ್ಸಿನಲ್ಲಿ ರಾತ್ರಿಯಿಡೀ ಕುಳಿತು ಬರಲಿ ಎಂದು ಹೇಳುವವರು ಒಮ್ಮೆ ತಾವೇ ಕುಳಿತು ಬಂದು ಹೇಳಲಿ. ಖಾಸಗಿ ಸ್ಲೀಪರ್ ಬಸ್ಸೆಂದರೆ, 2025ರ ಅಕ್ಟೋಬರ್‌ನಲ್ಲಿ ಕರ್ನೂಲಿನ ಬಳಿ ಬಸ್ ಹೊತ್ತಿ ಉರಿದ ಮೇಲೆ ನನಗೆ ಆ ಧೈರ್ಯ ಉಳಿದಿಲ್ಲ. ವಂದೇ ಭಾರತ್ ಮಧ್ಯಾಹ್ನವೇ ಹೊರಡುತ್ತದೆ. ಪ್ರಾಯೋಗಿಕ ಪರೀಕ್ಷೆಯ ಕೊನೆಯ ತಂಡದಲ್ಲಿ ಹೆಸರು ಬಂದರೆ ಅದರ ಹೊಗಳಿಕೆಯನ್ನಷ್ಟೇ ಕೇಳಬಹುದು.

ಇಷ್ಟೆಲ್ಲ ಕೂಗಾಡುತ್ತಿದ್ದರೂ ಈ ಕೆಲಸವನ್ನು ನನ್ನಿಂದ ಯಾರಾದರೂ ಕಿತ್ತುಕೊಂಡರೆ ಸುಮ್ಮನಿರುವವಳಲ್ಲ ನಾನು. ಅವಳ ಓದಿನಲ್ಲಿ ನನಗೆ ಅರ್ಥವಾಗುವಂಥದ್ದು ಏನೂ ಉಳಿದಿಲ್ಲ. ವಿಷಯಗಳ ಹೆಸರೇ ನಾಲಗೆಗೆ ಹತ್ತುವುದಿಲ್ಲ. ಊಟವಾಯಿತೇ ಎಂದು ಕೇಳಿದರೆ "ಹ್ಞೂಂ" ಎಂದು ಫೋನ್ ಇಡುವವಳು, ಟಿಕೆಟ್ ವಿಷಯ ಬಂದರೆ ಮಾತ್ರ ಬಾಯಿಬಿಟ್ಟು ಮಾತಾಡುತ್ತಾಳೆ. ಸೈಡ್ ಲೋವರ್ ಬೇಡ, ಆರ್‌ಎಸಿಯಾದರೆ ಅದನ್ನೇ ಇನ್ನೊಬ್ಬರ ಜೊತೆ ಹಂಚಿಕೊಂಡು ಕೂರಬೇಕು, ಅಪ್ಪರ್ ಬರ್ತ್ ಕೊಡಿಸು, ಯಾರೂ ಎಬ್ಬಿಸುವುದಿಲ್ಲ ಎನ್ನುತ್ತಾಳೆ. ಆಮೇಲೆ ಮೆಲ್ಲಗೆ, "ಅವ್ವ, ಎಳ್ಳಮಾವಾಸ್ಯೆಗೆ ಹೊಲಕ್ಕೆ ಹೋಗುವಾಗ ನಾನಿರುತ್ತೇನಾ?" ಭಜ್ಜಿ, ಸಜ್ಜೆ ರೊಟ್ಟಿ, ಹೊಲಕ್ಕೆ ಚೆಲ್ಲುವ ಚರಗ, ಎಲ್ಲದರ ಲೆಕ್ಕವೂ ಅವಳ ಬಳಿ ಇದೆ. ಉತ್ತರ ನನ್ನ ಬಳಿ ಇಲ್ಲ. ಹೊರಗಿನ ಪರೀಕ್ಷಕರ ಬಳಿ ಇದೆಯಂತೆ.

ಮುಂಚೆಯೇ ರದ್ದು ಮಾಡಿದರೆ ಸ್ಲೀಪರ್ ಟಿಕೆಟಿಗೆ 120 ರೂಪಾಯಿ ತಾನೇ ಹೋಗುವುದು ಎಂದು ತಮ್ಮ ಸಮಾಧಾನ ಮಾಡಿದ. ಹೋಗಲಿ. ನಾಳೆ ಎಂಟು ಗಂಟೆಗೆ ಒಂದು ಟಿಕೆಟ್, ನಾಡಿದ್ದು ಅದರ ಮರುದಿನದ್ದಕ್ಕೆ ಇನ್ನೊಂದು ತೆಗೆಯುತ್ತೇನೆ. ಎರಡರಲ್ಲಿ ಒಂದು ರದ್ದಾಗುವುದು ಖಚಿತ. ಅಲ್ಲಿಯವರೆಗೆ ಆ ಬರ್ತಿಗಾಗಿ ವೇಟಿಂಗ್ ಲಿಸ್ಟ್‌ನಲ್ಲಿ ಕಾಯುವ ಯಾರದೋ ಮಗನ ಶಾಪ ನೇರವಾಗಿ ಕಾಲೇಜಿಗೆ ತಟ್ಟಲಿ, ನನಗಲ್ಲ.